ಮನೆಯಿಂದ ಕೆಲಸ: ಭೇಟಿಯ ದಿನಗಳೂ ನಿಶ್ಚಯವಾಗಲಿ

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಮನೆಯಿಂದ ಕೆಲಸ ಮಾಡುವ ಪದ್ಧತಿ ಯಾರ ಆಯ್ಕೆಯೂ ಆಗಿರಲಿಲ್ಲ, ಅದು ಅನಿವಾರ್ಯವಾಗಿತ್ತು. ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಷ್ಟೇ ಅಲ್ಲ, ಸಗಟು ವ್ಯಾಪಾರದ ಲೆಕ್ಕಪತ್ರ, ಬಿಡಿಭಾಗ ತಯಾರಿಸುವ ಘಟಕಗಳ ನಕ್ಷೆ, ರಫ್ತಿನ ದಾಖಲೆ ಮುಂತಾದ ಕೆಲಸಗಳೂ ಕೆಲಕಾಲ ಸಿಬ್ಬಂದಿಯ ಮನೆಗಳಿಗೆ ಸ್ಥಳಾಂತರಗೊಂಡವು. ಪರಿಸ್ಥಿತಿ ತಿಳಿಯಾದ ನಂತರ ಅನೇಕ ಉದ್ದಿಮೆಗಳು ಹಳೆಯ ಕ್ರಮಕ್ಕೆ ಮರಳಿದವು. ಅಮೆಜಾನ್‌ನಂತಹ ಬೃಹತ್ ಸಂಸ್ಥೆಯೇ 2025ರ ಜನವರಿಯಿಂದ ಕಚೇರಿ ಸಿಬ್ಬಂದಿ ವಾರಕ್ಕೆ 5 ದಿನ ಹಾಜರಾಗಬೇಕೆಂದು ಆದೇಶಿಸಿತು. ಇದನ್ನು ಕಂಡ ಸಣ್ಣ ಉದ್ದಿಮೆದಾರರಿಗೆ ಈ ವಿಷಯ ಇಲ್ಲಿಗೆ ಮುಗಿಯಿತೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ವಿಷಯ ಮುಗಿದಿಲ್ಲ. ಅನುಭವಸ್ಥ ಲೆಕ್ಕಿಗರು, ನಕ್ಷೆಗಾರರು, ರಫ್ತು ದಾಖಲೆಗಳನ್ನು ಬಲ್ಲವರು ಸಣ್ಣ ಘಟಕಗಳಿಗೆ ಸುಲಭವಾಗಿ ದೊರೆಯುವುದಿಲ್ಲ. ದೊರೆತವರು ಹೆಚ್ಚಿನ ಸಂಬಳಕ್ಕೆ ದೊಡ್ಡ ಸಂಸ್ಥೆಗಳತ್ತ ಹೊರಳುತ್ತಾರೆ. ಹೆರಿಗೆಯ ನಂತರ ಅಥವಾ ವೃದ್ಧ ತಂದೆತಾಯಿಯರ ಆರೈಕೆಗಾಗಿ ಕೆಲಸ ಬಿಡುವ ಮಹಿಳೆಯರೂ ಇದ್ದಾರೆ. ಸಂಬಳದಲ್ಲಿ ಪೈಪೋಟಿ ನಡೆಸಲಾರದ ಉದ್ದಿಮೆದಾರನು ಕೊಡಬಹುದಾದದ್ದು ಅನುಕೂಲವನ್ನು. ಆದುದರಿಂದ ಮನೆಯೋ ಕಚೇರಿಯೋ ಎಂಬ ವಾದಕ್ಕಿಂತ, ಯಾರು ಯಾವ ದಿನ ಯಾವ ಉದ್ದೇಶಕ್ಕಾಗಿ ಎದುರುಬದುರು ಸೇರಬೇಕು ಎಂಬ ಪ್ರಶ್ನೆಯೇ ಮುಖ್ಯವಾದುದು.

ಹಳೆಯ ಅನುಭವ

ದೂರದಿಂದ ಕೆಲಸ ಮಾಡಿಸುವುದು ಈ ನಾಡಿನ ವ್ಯಾಪಾರಕ್ಕೆ ಹೊಸದೇನಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಬೀಡಿ ಉದ್ಯಮ ದಶಕಗಳ ಕಾಲ ನಡೆದುಬಂದದ್ದೇ ಈ ಕ್ರಮದಲ್ಲಿ. ಎಲೆ, ಹೊಗೆಸೊಪ್ಪು, ನೂಲನ್ನು ಬ್ರಾಂಚಿನಿಂದ ಪಡೆದ ಮಹಿಳೆಯರು ಮನೆವಾರ್ತೆಯ ನಡುವೆ ತಮಗೆ ಬಿಡುವಾದ ವೇಳೆಯಲ್ಲಿ ಬೀಡಿ ಕಟ್ಟಿ, ಗೊತ್ತಾದ ದಿನ ಅಲ್ಲಿಗೇ ತಂದೊಪ್ಪಿಸುವುದು ವಾಡಿಕೆ. ಎಣಿಕೆ, ಗುಣಮಟ್ಟದ ಪರಿಶೀಲನೆ, ಮುಂದಿನ ಸಾಮಗ್ರಿಯ ವಿತರಣೆ ಎಲ್ಲವೂ ಮುಖಾಮುಖಿಯಾಗಿಯೇ ನಡೆಯುತ್ತವೆ. ಕೆಲಸದ ವೇಳೆ ಸ್ವತಂತ್ರ, ಭೇಟಿಯ ದಿನ ಮಾತ್ರ ನಿಶ್ಚಿತ.

ಈ ಪದ್ಧತಿಯಲ್ಲಿ ದೋಷಗಳೂ ಇದ್ದವು. ಮನೆಯಲ್ಲಿ ಕುಳಿತು ದುಡಿಯುವವರು ಕಾರ್ಮಿಕರೇ ಅಲ್ಲವೆಂಬ ವಾದಕ್ಕೆ ಅವಕಾಶವಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಗೆಲಸದವರನ್ನೂ ಕಾರ್ಮಿಕರ ವ್ಯಾಖ್ಯೆಯೊಳಗೆ ತಂದಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಇಂದಿನ ಉದ್ದಿಮೆದಾರರು ಇದರಿಂದ ಎರಡು ಪಾಠಗಳನ್ನು ಗ್ರಹಿಸಬಹುದು. ಭೇಟಿಯ ದಿನ ತಪ್ಪಬಾರದು. ಮನೆಯಲ್ಲಿ ದುಡಿದ ಮಾತ್ರಕ್ಕೆ ದುಡಿಯುವವರ ಹಕ್ಕು ಕಡಿಮೆಯಾಗಬಾರದು.

ಪ್ರಯೋಗಗಳು ಹೇಳುವುದೇನು?

ಸಿಬ್ಬಂದಿ ಕಣ್ಣೆದುರಿಗೆ ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ ಎಂಬ ಶಂಕೆ ಸಹಜವಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸಿದರು. ಅದರ ಕಾಲ್ ಸೆಂಟರಿನಲ್ಲಿ 9 ತಿಂಗಳು ನಡೆದ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು. ಸ್ವಇಚ್ಛೆಯಿಂದ ಮುಂದೆ ಬಂದವರ ಪೈಕಿ ಒಂದು ಗುಂಪು ವಾರಕ್ಕೆ 4 ದಿನ ಮನೆಯಿಂದ, 5ನೆಯ ದಿನ ಕಚೇರಿಯಿಂದ ಕೆಲಸ ಮಾಡಿತು. ಆ ಗುಂಪಿನ ಕಾರ್ಯಸಾಧನೆ ಶೇಕಡ 13ರಷ್ಟು ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಸಾಧನೆ ತೋರಿದ ಕಚೇರಿಯವರಿಗಿಂತ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ದೊರೆಯಿತು. ಒಂಟಿತನದ ದೂರೂ ಕೇಳಿಬಂದಿತು.

ಅದೇ ಸಂಸ್ಥೆಯಲ್ಲಿ ನಡೆದು 2024ರಲ್ಲಿ ವರದಿಯಾದ ಎರಡನೆಯ ಪ್ರಯೋಗದಲ್ಲಿ 1612 ಮಂದಿ ಪಾಲ್ಗೊಂಡಿದ್ದರು. ಇಲ್ಲಿ ವಾರಕ್ಕೆ 2 ದಿನ ಮಾತ್ರ ಮನೆ, ಉಳಿದ 3 ದಿನ ಕಚೇರಿ. ರಾಜೀನಾಮೆಗಳು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ಕಾರ್ಯಸಾಧನೆಯ ಮೌಲ್ಯಮಾಪನಕ್ಕೂ ಬಡ್ತಿಗೂ ಧಕ್ಕೆಯಾಗಲಿಲ್ಲ. ಉತ್ಪಾದಕತೆ ಶೇಕಡ 2.6ರಷ್ಟು ಕುಸಿಯಬಹುದೆಂದು ಮೊದಲು ಅಂದಾಜಿಸಿದ್ದ ವ್ಯವಸ್ಥಾಪಕರು, ಪ್ರಯೋಗ ಮುಗಿದ ಮೇಲೆ ಅದು ಶೇಕಡ 1ರಷ್ಟು ಹೆಚ್ಚಿತೆಂದು ಅಭಿಪ್ರಾಯ ಬದಲಿಸಿದರು. ಚೀನಾದ ದೊಡ್ಡ ಸಂಸ್ಥೆಯೊಂದರ ಅನುಭವವನ್ನು ಇಲ್ಲಿನ ಸಣ್ಣ ಘಟಕಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಶಂಕೆಯನ್ನು ಊಹೆಗೆ ಬಿಡದೆ, ಕೆಲವು ತಿಂಗಳು ಪರೀಕ್ಷಿಸಿ ನೋಡಬಹುದೆಂಬುದಂತೂ ಸ್ಪಷ್ಟ.

ಯಾವ ಕೆಲಸ, ಯಾವ ದಿನ?

ಸಣ್ಣ ಉದ್ದಿಮೆಯ ಲೆಕ್ಕಪತ್ರ ವಿಭಾಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಪ್ರತಿ ತಿಂಗಳ 7ರೊಳಗೆ ಮೂಲದಲ್ಲಿ ಕಡಿತಗೊಳಿಸಿದ ತೆರಿಗೆ, 15ರೊಳಗೆ ಭವಿಷ್ಯನಿಧಿಯ ವಂತಿಗೆ ಪಾವತಿಯಾಗಬೇಕು. ಮಾಸಿಕವಾಗಿ ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖುಗಳು ಮುಖ್ಯ. ದಾಖಲೆಗಳು ಸರಿಯಾಗಿ ಕೈಸೇರಿದರೆ ಈ ಕೆಲಸಗಳನ್ನು ಮನೆಯಲ್ಲಿ ಕುಳಿತೇ, ಬಹುಶಃ ಹೆಚ್ಚಿನ ಏಕಾಗ್ರತೆಯಿಂದ ಮುಗಿಸಬಹುದು. ಗೋದಾಮಿನ ದಾಸ್ತಾನನ್ನು ಪುಸ್ತಕದ ಲೆಕ್ಕದೊಡನೆ ತಾಳೆ ನೋಡಲು ಮಾತ್ರ ಲೆಕ್ಕಿಗರು ಸ್ಥಳದಲ್ಲಿರಬೇಕು. ಬಾಕಿ ಉಳಿಸಿಕೊಂಡ ಗಿರಾಕಿಗಳ ಬಗ್ಗೆ ಮಾಲೀಕರೊಡನೆ ನಡೆಸುವ ಚರ್ಚೆಯೂ ದೂರವಾಣಿಯಲ್ಲಿ ಮುಗಿಯುವಂಥದಲ್ಲ. ತಿಂಗಳ ಮೊದಲ ವಾರದಲ್ಲಿ ದಾಸ್ತಾನಿಗಾಗಿ ಒಂದು ದಿನ, 20ರ ನಂತರ ಬಾಕಿ ವಸೂಲಿಯ ಪರಾಮರ್ಶೆಗಾಗಿ ಒಂದು ದಿನ ಮೀಸಲಿಟ್ಟರೆ ಭೇಟಿಗೆ ಅರ್ಥ ಬರುತ್ತದೆ.

ನಕ್ಷೆಗಾರರ ವಿಷಯ ಇನ್ನೂ ಸೂಕ್ಷ್ಮ. ಬೆಳಗಾವಿ ಅಥವಾ ಶಿವಮೊಗ್ಗದ ಎರಕದ ಕಾರ್ಖಾನೆಗೆ ಬೇಕಾದ ನಕ್ಷೆಯನ್ನು ಮನೆಯ ಗಣಕಯಂತ್ರದಲ್ಲಿ ಸಿದ್ಧಪಡಿಸಲು ತೊಂದರೆಯಿಲ್ಲ. ಆದರೆ ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಆ ಕುಗ್ಗುವಿಕೆಗೂ, ಯಂತ್ರದಲ್ಲಿ ಕೆತ್ತಿ ತೆಗೆಯುವ ಪದರಕ್ಕೂ, ಪ್ಯಾಟರ್ನ್ ಮರಳಿನಿಂದ ಸರಾಗವಾಗಿ ಹೊರಬರುವ ಇಳಿಜಾರಿಗೂ ಅಳತೆಯಲ್ಲಿ ಅವಕಾಶ ಬಿಡಬೇಕಾಗುತ್ತದೆ. ಪುಸ್ತಕದ ಸೂತ್ರ ತಿಳಿದವರಿಗೂ ತಿರಸ್ಕೃತ ಎರಕಗಳ ರಾಶಿಯ ಮುಂದೆ ಅಚ್ಚು ಹಾಕುವವರೊಡನೆ ನಿಂತಾಗಲೇ ತಪ್ಪು ಎಲ್ಲಾಯಿತೆಂಬುದು ಮನವರಿಕೆಯಾಗುತ್ತದೆ. ಇಂಥವರ ಭೇಟಿಯ ದಿನ ಕಚೇರಿಯ ಕುರ್ಚಿಯಲ್ಲಿ ಕಳೆಯಬಾರದು. ಎರಕ ಹೊಯ್ಯುವ ದಿನಕ್ಕೆ ಹೊಂದಿಕೊಂಡು ಕಾರ್ಯಾಗಾರದಲ್ಲಿಯೇ ನಡೆಯಬೇಕು. ಮನೆಯಲ್ಲಿ ಮಾಡಬಹುದಾದ ಕೆಲಸಕ್ಕಾಗಿಯೇ ಸಿಬ್ಬಂದಿಯನ್ನು ಕರೆಸಿ ಕೂರಿಸಿದರೆ ಪ್ರಯಾಣದ ವೇಳೆಯೂ ವ್ಯರ್ಥ, ಭೇಟಿಯೂ ವ್ಯರ್ಥ.

ಯಂತ್ರದ ಮುಂದೆ ನಿಂತವರು

ಇಲ್ಲಿ ಕಡೆಗಣಿಸಲಾಗದ ಆಕ್ಷೇಪವೊಂದಿದೆ. ಲೇತ್ ನಡೆಸುವವರು, ಕುಲುಮೆಯ ಮುಂದೆ ನಿಲ್ಲುವವರು, ಸರಕು ಏರಿಸಿ ಇಳಿಸುವವರು ಮನೆಯಿಂದ ದುಡಿಯಲಾರರು. ಮೇಜಿನ ಕೆಲಸದವರಿಗೆ ಮಾತ್ರ ಅನುಕೂಲ ದೊರೆತರೆ ಒಂದೇ ಸೂರಿನಡಿ ಎರಡು ಜಾತಿ ಹುಟ್ಟಿದಂತಾಗುತ್ತದೆ. ಇದಕ್ಕೆ ಪರಿಹಾರ ಯಾರಿಗೂ ಅನುಕೂಲ ಕೊಡದಿರುವುದಲ್ಲ. ಪಾಳಿಯನ್ನು ಪರಸ್ಪರ ಒಪ್ಪಿಗೆಯಿಂದ ಬದಲಿಸಿಕೊಳ್ಳುವ ಅವಕಾಶ, ಒಂದು ವಾರ ಮುಂಚಿತವಾಗಿಯೇ ಪಾಳಿಯ ಪಟ್ಟಿಯ ಪ್ರಕಟಣೆ, ಮಕ್ಕಳ ಶಾಲೆ ಅಥವಾ ಆಸ್ಪತ್ರೆಯ ಕೆಲಸಕ್ಕೆ ಕೆಲವು ಗಂಟೆಗಳ ರಜೆ ಇವು ಕಾರ್ಯಾಗಾರದವರಿಗೂ ಸಲ್ಲಬಹುದಾದ ಅನುಕೂಲಗಳು. ಭೇಟಿಯ ದಿನದಂದು ಮೇಜಿನವರೂ ಯಂತ್ರದವರೂ ಒಟ್ಟಿಗೆ ಕುಳಿತು ಊಟ ಮಾಡುವಂತಾದರೆ ಅಂತರ ಇನ್ನಷ್ಟು ಕಡಿಮೆಯಾಗುತ್ತದೆ.

ಬರೆದಿಟ್ಟ ನಿಯಮ

ಬಾಯಿಮಾತಿನ ಅನುಕೂಲ ಹೆಚ್ಚು ದಿನ ಬಾಳುವುದಿಲ್ಲ. ಮನೆಯಲ್ಲಿರುವ ಸಿಬ್ಬಂದಿ ಯಾವ ವೇಳೆಯಲ್ಲಿ ಸಂಪರ್ಕಕ್ಕೆ ಸಿಗಬೇಕು, ಯಾವ ವೇಳೆಯ ನಂತರ ಅವರನ್ನು ಕರೆಯಬಾರದು, ಅಂತರಜಾಲದ ವೆಚ್ಚ ಯಾರದು, ಗಿರಾಕಿಗಳ ಲೆಕ್ಕವಿರುವ ಗಣಕಯಂತ್ರವನ್ನು ಮನೆಯವರು ಬಳಸಬಹುದೇ ಎಂಬುದೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಲೇಸು. ಫ್ರಾನ್ಸ್ ದೇಶವು 2017ರಿಂದಲೇ ಕೆಲಸದ ವೇಳೆಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕಾನೂನಿನಲ್ಲಿ ಗುರುತಿಸಿದೆ. ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಿಲ್ಲು ಕೇಳುವ ಮಾಲೀಕರು ಸಿಬ್ಬಂದಿಯ ಮನೆಯನ್ನು ಬಾಡಿಗೆಯಿಲ್ಲದ ಕಚೇರಿಯಾಗಿ ಮಾಡಿಕೊಂಡಂತಾಗುತ್ತದೆ. ಬಾಡಿಗೆಯ ಉಳಿತಾಯವೊಂದೇ ಗುರಿಯಾದರೆ ಈ ಪದ್ಧತಿ ವಿಫಲವಾಗುವುದು ನಿಶ್ಚಿತ.

ಅಳೆಯಬೇಕಾದದ್ದು ಹಾಜರಿಯನ್ನಲ್ಲ, ಮುಗಿದ ಕೆಲಸವನ್ನು. ಬಡ್ತಿ ಮತ್ತು ಸಂಬಳ ಏರಿಕೆಯ ಸಂದರ್ಭದಲ್ಲಿ ಕಣ್ಣಿಗೆ ಬೀಳದವರು ಮನಸ್ಸಿನಿಂದಲೂ ಮರೆಯಾಗದಂತೆ ಎಚ್ಚರ ವಹಿಸುವುದು ಮಾಲೀಕರ ಹೊಣೆ. ಹೊಸದಾಗಿ ಸೇರಿದವರು ಮೊದಲ ಕೆಲವು ತಿಂಗಳು ಸ್ಥಳದಲ್ಲಿಯೇ ಇದ್ದು ಕೆಲಸ ಕಲಿಯುವುದು ಇಬ್ಬರಿಗೂ ಹಿತ.

ಈ ದಿಸೆಯಲ್ಲಿ ವಾಣಿಜ್ಯ ಮಂಡಳಿಗಳೂ ನೆರವಾಗಬಹುದು. ಒಪ್ಪಂದ ಪತ್ರದ ಮಾದರಿಯೊಂದನ್ನು ಸಿದ್ಧಪಡಿಸುವುದು, ಸ್ವಂತ ಸಭಾಂಗಣವಿಲ್ಲದ ಸದಸ್ಯರಿಗೆ ತಿಂಗಳಲ್ಲಿ ಒಂದೆರಡು ದಿನ ಮಂಡಳಿಯ ಕೊಠಡಿಯನ್ನು ಒದಗಿಸುವುದು ದೊಡ್ಡ ವೆಚ್ಚದ ಕೆಲಸಗಳಲ್ಲ. ಉದ್ದಿಮೆದಾರರು ಮುಂದಿನ ತ್ರೈಮಾಸಿಕದಲ್ಲಿ ಒಬ್ಬ ಲೆಕ್ಕಿಗ ಅಥವಾ ಒಬ್ಬ ನಕ್ಷೆಗಾರರಿಂದಲೇ ಪ್ರಯೋಗವನ್ನು ಆರಂಭಿಸಬಹುದು. ಅನುಭವವುಳ್ಳ ಒಬ್ಬರು ಕೆಲಸ ಬಿಟ್ಟರೆ ಹೊಸಬರನ್ನು ಹುಡುಕಿ ತರಬೇತಿ ಕೊಡಲು ತಗಲುವ ಕಾಲ ಮತ್ತು ಹಣವನ್ನು ಲೆಕ್ಕ ಹಾಕಿ ನೋಡಿದರೆ, ಈ ಪ್ರಯೋಗದ ವೆಚ್ಚ ಬಹು ಸ್ವಲ್ಪವೆಂಬುದು ವ್ಯಾಪಾರ ಬಲ್ಲವರಿಗೆ ತಾನಾಗಿಯೇ ತಿಳಿಯುತ್ತದೆ.