ಹೊಳೆಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ?

ಈಚೆಗೆ ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಒಂದು ಮಗು ಕುಳಿತಿದ್ದರು. ಮಗುವಿಗೆ ಐದು ವರ್ಷ ಪ್ರಾಯವಿರಬಹುದು. ಮಿಠಾಯಿ ತಿಂದು ಮುಗಿಸಿ, ಕೈಯಲ್ಲಿ ಉಳಿದ ಪ್ಲಾಸ್ಟಿಕ್ ಹಾಳೆಯನ್ನು ತೋರಿಸಿ, "ಅಮ್ಮಾ, ಇದನ್ನು ಎಲ್ಲಿ ಹಾಕುವುದು?" ಎಂದು ಕೇಳಿತು. ಬಸ್ಸು ಆಗ ಚಂದ್ರಗಿರಿ ಸೇತುವೆಯ ಮೇಲಿತ್ತು. "ಹೊರಗೆ ಬಿಸಾಡು ಮಗಾ, ಹೊಳೆಗೆ ಹೋಗ್ತದೆ" ಎಂದರು ತಾಯಿ. ಬಸ್ಸಿನಲ್ಲಿ ಕನ್ನಡ ಕೇಳಿತೆಂಬ ನಮ್ಮ ಸಂತೋಷ ಅಲ್ಲಿಗೇ ಮುಗಿಯಿತು.

ಆ ತಾಯಿಯನ್ನು ದೂರುವ ಅಧಿಕಾರ ನಮಗಿಲ್ಲ. ನಾವೂ ಹಾಗೆ ಎಸೆದವರೇ. ಆದರೆ ಮಗು ಕೇಳಿತಲ್ಲ! ಕೇಳುವ ಪ್ರಾಯ ಅದು. ಆ ಪ್ರಾಯದಲ್ಲಿ ಕೊಟ್ಟ ಉತ್ತರ ಮುಂದೆ ಯಾವ ಶಾಲೆಯ ಪರಿಸರ ದಿನಾಚರಣೆಯಿಂದಲೂ ಸುಲಭದಲ್ಲಿ ಅಳಿಸಿಹೋಗುವಂಥದ್ದಲ್ಲ.

ಮುಳ್ಳೇರಿಯ, ಅಡೂರು ಕಡೆಯ ಓದುಗರು ಕಡಲು ನಮಗೆ ದೂರ ಎನ್ನಬಹುದು. ದೂರವೇನೂ ಇಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಅಡೂರಿನ ದೇವಸ್ಥಾನದ ಬದಿಯಲ್ಲಿ ಹರಿಯುವ ಪಯಸ್ವಿನಿಯೇ ಚಂದ್ರಗಿರಿ ಹೊಳೆಯಾಗಿ ತಳಂಗರೆಯ ಬಳಿ ಕಡಲು ಸೇರುವುದು. ಕೇರಳದ 44 ನದಿಗಳಲ್ಲಿ 12 ನಮ್ಮ ಈ ಪುಟ್ಟ ಜಿಲ್ಲೆಯಲ್ಲಿವೆ. ತೋಟದ ತೋಡಿಗೆ ಬಿದ್ದ ಗೊಬ್ಬರದ ಚೀಲ ಆಟಿ ತಿಂಗಳ ಒಂದೇ ಮಳೆಗೆ ಅಳಿವೆ ಮುಟ್ಟುತ್ತದೆ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಲ್ಲೆಲ್ಲಿಗೆ ಹರಿಯಿತೆಂಬುದನ್ನು ಕಂಡುಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಹಡಗುಗಳೇ ಮುಳುಗುವಾಗ ಮಿಠಾಯಿ ಹಾಳೆಯದ್ದೇನು ಲೆಕ್ಕ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. 2025ರ ಮೇ 25ರಂದು ಕೊಚ್ಚಿಯ ಹೊರಗಡಲಿನಲ್ಲಿ 640 ಕಂಟೈನರುಗಳ ಸಹಿತ 'ಎಂಎಸ್‌ಸಿ ಎಲ್ಸಾ 3' ಹಡಗು ಮುಳುಗಿತು. ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಕಡಲತಡಿಯವರೆಗೆ ಬಂದು ಬಿದ್ದವು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರಂದು, ಉತ್ತರ ಕೇರಳದ ಆಚೆ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಅದರ ಲೆಕ್ಕವನ್ನು ಸರಕಾರ, ನ್ಯಾಯಾಲಯ ಕೇಳಲಿ. ಮಗುವಿನ ಕೈಯಲ್ಲಿರುವುದು ಹಡಗಲ್ಲ, ಹಾಳೆ. ಅದರ ಲೆಕ್ಕ ಮನೆಯದ್ದು.

ಹಾಗೆಂದು ಮಕ್ಕಳನ್ನು ಕೂರಿಸಿ ಭಾಷಣ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಮೀನು ತಿನ್ನುವ ಮನೆಗಳಲ್ಲಿ ಪಾಠ ಅಡುಗೆಮನೆಗೇ ಬರುತ್ತದೆ. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದೆಂದು ಕೇರಳದಲ್ಲಿ ನಿಯಮವಿದೆ. ಅಣ್ಣನ ಕಂಪಾಸು ಪೆಟ್ಟಿಗೆಯ ಸ್ಕೇಲು 15 ಸೆಂಟಿಮೀಟರಿನದ್ದು. ತಂಗಿ ಅದನ್ನು ತಂದು ಮೀನಿನ ಪಕ್ಕದಲ್ಲಿ ಇಟ್ಟು ನೋಡಲಿ. (ಸ್ಕೇಲು ತೊಳೆಯುವ ಕೆಲಸ ಅಮ್ಮನದ್ದಾಗುತ್ತದೆ, ಇರಲಿ.) ಚಿಕ್ಕದಿದ್ದರೆ ಮೀನು ತರುವ ಅಕ್ಕನೊಡನೆ ಮಗುವೇ "ಇದು ಮರಿ ಅಲ್ವಾ?" ಎಂದು ಕೇಳಲಿ. ಕೇರಳದಲ್ಲಿ 2012ರಲ್ಲಿ ಮೂರೂವರೆ ಲಕ್ಷ ಟನ್ನಿಗೂ ಮಿಕ್ಕಿ ಸಿಕ್ಕಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲಿನ ಹವೆ ಕೆಟ್ಟದ್ದೂ ಕಾರಣ, ಮರಿಗಳನ್ನು ಬಾಚಿದ್ದೂ ಕಾರಣ. ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲ್ ಬೋಟುಗಳು ಕಡಲಿಗಿಳಿಯದೆ ನಿಲ್ಲುವುದೇಕೆಂದು ಮಗು ಕೇಳಿದರೆ, ಮಳೆಗಾಲ ಮೀನು ಮೊಟ್ಟೆಯಿಡುವ ಹೊತ್ತು ಎಂದರೆ ಸಾಕು. ಬಾಣಂತಿಕೋಣೆ ಕಂಡ ಮನೆಯ ಮಗುವಿಗೆ ಅದು ಥಟ್ಟನೆ ತಿಳಿಯುತ್ತದೆ.

ಮೀನು ತಿನ್ನದ ಮನೆಯವರಿಗೆ ಹಾಲಿನ ಪ್ಯಾಕೆಟ್ಟಿದೆ. ತೊಳೆದು ಒಣಗಿಸಿ ಚೀಲದಲ್ಲಿ ಕೂಡಿಡುವುದು, ಹರಿತ ಕರ್ಮ ಸೇನೆಯವರು ಬಂದಾಗ ತನ್ನ ಕೈಯಿಂದಲೇ ಕೊಡುವುದು ಮಗುವಿನ ಕೆಲಸವಾಗಲಿ. ತಿಂಗಳ ಐವತ್ತು ರೂಪಾಯಿಗಾಗಿ ಮಗುವಿನ ಎದುರು ಅವರೊಡನೆ ಜಗಳ ಮಾಡುವುದು ಮಾತ್ರ ಸಲ್ಲದು.

ಇನ್ನೊಂದು ಮಾತನ್ನು ಹೇಳದಿರಲಾರೆವು. ಟಿ.ವಿ. ನೋಡುವ ನಮ್ಮ ಮಕ್ಕಳಿಗೆ ಡಾಲ್ಫಿನ್, ಶಾರ್ಕ್ ಗೊತ್ತು. ಅಳಿವೆ ಎಂದರೆ ಗೊತ್ತಿಲ್ಲ, ಕಾಂಡ್ಲ ಗಿಡ ಗೊತ್ತಿಲ್ಲ, ಎದುರು ಮನೆಯ ಮತ್ತಿಯೂ ನಮ್ಮ ಮನೆಯ ಬೂತಾಯಿಯೂ ಒಂದೇ ಎಂಬುದೂ ಗೊತ್ತಿಲ್ಲ. ಕಸದ ಬಗೆಗಿನ ಕರಪತ್ರ ಮಲಯಾಳದಲ್ಲಿ ಮಾತ್ರ ಬಂದರೆ ನಮ್ಮ ಅಜ್ಜಿಯಂದಿರು ಅದನ್ನು ಓದಲಾರರು. ಕನ್ನಡದಲ್ಲೂ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಆದರೆ ಅಳಿವೆಯನ್ನು ಮೊಮ್ಮಗುವಿಗೆ ತೋರಿಸಲು ಅಜ್ಜಿಗೆ ಕರಪತ್ರ ಬೇಡ.

ನೀಲೇಶ್ವರದ ತೈಕಡಪ್ಪುರದಲ್ಲಿ ಊರವರು ರಾತ್ರಿ ನಿದ್ದೆಗೆಟ್ಟು ಕಡಲಾಮೆಯ ಮೊಟ್ಟೆಗಳನ್ನು ಕಾದು ಮರಿಗಳನ್ನು ನೀರಿಗೆ ಬಿಟ್ಟದ್ದುಂಟು. ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನೆಂದು ಬಗೆದು ಆಮೆ ನುಂಗುತ್ತದೆ. ಮಕ್ಕಳಿಗೆ ಈ ಒಂದು ಸಂಗತಿ ಹೇಳಿ ನೋಡಿ. ಆಮೆಗೆ ಹೊಟ್ಟೆನೋವಾಗ್ತದಾ ಎಂದು ರಾತ್ರಿ ಮಲಗುವ ತನಕ ಕೇಳುತ್ತಾರೆ. ಮರುದಿನ ಬಸ್ಸಿನಲ್ಲಿ ಚಂದ್ರಗಿರಿ ಸೇತುವೆ ದಾಟುವಾಗ ಅಮ್ಮನ ಬ್ಯಾಗಿನಲ್ಲಿ ಮಿಠಾಯಿ ಹಾಳೆಗೆ ಸ್ವಲ್ಪ ಜಾಗವಿರಲಿ.