ಮನೆ ಮಾರುವ ಮುನ್ನ ಒಂದು ಮಾತು



ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದ ಸೋದರಿ ಹೆಸರು, ಊರು ಬೇಡವೆಂದಿದ್ದಾರೆ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಇವರ ಹೆಸರಿನಲ್ಲಿರುವ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಈಗ ಮಗಳ ಮದುವೆ ನಿಶ್ಚಯವಾಗಿದೆ. ಆ ಮನೆ ಮಾರದೆ ವಿಧಿಯಿಲ್ಲ. "ಬಾಡಿಗೆಯವರಿಗೆ ಹೇಳಲು ಬಾಯೇ ಬರುತ್ತಿಲ್ಲ ಅಕ್ಕ. ಅವರ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವರು ಕೊಟ್ಟ ಅಡ್ವಾನ್ಸೂ ಖರ್ಚಾಗಿಹೋಗಿದೆ. ದಲ್ಲಾಳಿ, 'ಸುಮ್ಮನಿರಿ ಅಮ್ಮ, ರಿಜಿಸ್ಟರ್ ಆದಮೇಲೆ ಕೊಂಡವರೇ ನೋಡ್ಕೋತಾರೆ' ಅಂತಾನೆ. ಏನು ಮಾಡಲಿ?" ಎಂದು ಕೇಳಿದ್ದಾರೆ.

ತಂಗಿ, ಆ ಮಾತು ಕೇಳಬೇಡಿ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಮುರಿದುಹೋಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕೊಂಡವರು ನಿಮ್ಮ ಜಾಗಕ್ಕೆ ಬಂದು ಹೊಸ ಮಾಲೀಕರಾಗುತ್ತಾರೆ, ಅಷ್ಟೆ. ಬಾಡಿಗೆಯವರು ಬಾಡಿಗೆಯವರಾಗಿಯೇ ಉಳಿಯುತ್ತಾರೆ. ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ ತಿಂಗಳ ಬಾಡಿಗೆಯವರಿಗೆ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಅದಾದ ಮೇಲೂ ಅವರು ಬಿಡದಿದ್ದರೆ ಕೋರ್ಟಿಗೇ ಹೋಗಬೇಕು. ನಲ್ಲಿ ನಿಲ್ಲಿಸುವುದು, ಕರೆಂಟು ತೆಗೆಸುವುದು, ಬೀಗ ಹಾಕುವುದು ಕೂಡದು. ಕೆಲವು ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಅನ್ವಯಿಸುತ್ತದೆ. ನಿಮ್ಮ ಮನೆಗೆ ಯಾವುದೆಂದು ಊರಿನ ವಕೀಲರನ್ನು ಒಮ್ಮೆ ಕೇಳಿ.

ಮುಚ್ಚಿಟ್ಟರೆ ನಷ್ಟ ನಿಮಗೇ. ಮನೆ ನೋಡಲು ಬಂದವರ ಕಣ್ಣಿಗೆ ಹಗ್ಗದ ಮೇಲಿನ ಬಟ್ಟೆ ಕಾಣುವುದಿಲ್ಲವೇ? ಬಾಡಿಗೆಯವರಿಗೆ ಪಕ್ಕದ ಮನೆಯವರ ಬಾಯಿಂದ ಸುದ್ದಿ ತಿಳಿದರೆ, ನಾಳೆ ಬಾಗಿಲು ತೆರೆದು ಮನೆ ತೋರಿಸುವ ಮನಸ್ಸಾದರೂ ಅವರಿಗೆ ಬಂದೀತೇ? ಖಾಲಿ ಮನೆ ಕೊಡುತ್ತೇನೆಂದು ಮುಂಗಡ ತೆಗೆದುಕೊಂಡು ಕೊಡಲಾಗದಿದ್ದರೆ, ಕೊಳ್ಳುವವರು ಹಣ ವಾಪಸು ಕೇಳುತ್ತಾರೆ. ಆಗ ಮದುವೆಯ ಖರ್ಚಿಗೆ ಎಲ್ಲಿಗೆ ಹೋಗುತ್ತೀರಿ?

ಆದ್ದರಿಂದ ಮುಂಗಡ ಮುಟ್ಟುವ ಮೊದಲೇ ಒಂದು ಸಂಜೆ ಅವರ ಮನೆಗೆ ಹೋಗಿ. ಗಂಡ ಹೆಂಡತಿ ಇಬ್ಬರೂ ಇರುವಾಗ ಕೂತು, ಇದ್ದ ವಿಷಯ ಇದ್ದ ಹಾಗೆ ಹೇಳಿ. ಅವರೇ ಕೊಳ್ಳುತ್ತಾರೇನೋ ಕೇಳಿ. ಎಷ್ಟೋ ಸಲ ಗಿರಾಕಿ ಮನೆಯೊಳಗೇ ಇರುತ್ತಾರೆ. ಇಲ್ಲವೆಂದರೆ ಹುಡುಗನ ಪರೀಕ್ಷೆ ಮುಗಿಯುವವರೆಗೆ ಇರಲಿ ಎನ್ನಿ, ಬಿಡುವ ತಾರೀಕು ಗೊತ್ತುಮಾಡಿಕೊಳ್ಳಿ. ಬಾಡಿಗೆಗಾಗಿಯೇ ಮನೆ ಕೊಳ್ಳುವವರೂ ಇದ್ದಾರೆ. ಅಂಥವರು ಸಿಕ್ಕರೆ ಯಾರೂ ಏಳಬೇಕಾಗಿಲ್ಲ.

ಆಮೇಲೆ ಇಷ್ಟನ್ನು ಬರಹದಲ್ಲಿ ಮಾಡಿ. ಮನೆಯಲ್ಲಿ ಬಾಡಿಗೆಯವರಿದ್ದಾರೆ, ಬಾಡಿಗೆ ಇಷ್ಟು, ಅಡ್ವಾನ್ಸು ಇಷ್ಟು ಎಂದು ಕ್ರಯದ ಕರಾರಿನಲ್ಲಿ ಬರೆಸಿ. ಅಡ್ವಾನ್ಸು ಯಾರು ಹಿಂತಿರುಗಿಸಬೇಕು ಎಂಬುದೂ ಅದರಲ್ಲಿರಲಿ. ಖರ್ಚಾಗಿದೆ ಎಂದು ಹೆದರಬೇಡಿ: ಅಷ್ಟನ್ನು ಕ್ರಯದ ಹಣದಲ್ಲಿ ಮುರಿದುಕೊಂಡು ಕೊಂಡವರೇ ಹೊಣೆ ಹೊರಬಹುದು, ಇಲ್ಲವೆ ಹಣ ಬಂದ ದಿನವೇ ನೀವು ಚೆಕ್ಕಿನಲ್ಲಿ ಕೊಟ್ಟು ರಸೀತಿ ಪಡೆಯಬಹುದು. ಭೋಗ್ಯಕ್ಕೆ ಕೊಟ್ಟ ಮನೆಯಾದರೆ ಮೊತ್ತ ದೊಡ್ಡದು. ಬೆಲೆ ಮಾತಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ರಿಜಿಸ್ಟರ್ ಆದಮೇಲೆ, ಇನ್ನು ಬಾಡಿಗೆಯನ್ನು ಇಂಥವರಿಗೆ ಕೊಡಿ ಎಂದು ಬಾಡಿಗೆಯವರಿಗೆ ಒಂದು ಪತ್ರ ಕೊಡಿ.

ಬಾಡಿಗೆ ಮನೆಯಲ್ಲಿರುವ ಸೋದರಿಯರಿಗೂ ಒಂದು ಮಾತು. ಮನೆ ಕೈ ಬದಲಾದದ್ದು ನಿಮಗೆ ತಿಳಿಯುವ ಮೊದಲು ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ. ಆದರೆ ಕೊಟ್ಟದ್ದಕ್ಕೆ ಗುರುತು ಬೇಕು. ಕರಾರು, ಅಡ್ವಾನ್ಸಿನ ಚೀಟಿ, ಬಾಡಿಗೆಯ ರಸೀತಿ ಎಲ್ಲವನ್ನೂ ಒಂದೇ ಕಡೆ ಜೋಪಾನವಾಗಿಡಿ.

ಕಾಗದ ಬರೆದ ತಂಗಿ, ನಿಮ್ಮ ಮಗಳ ಮದುವೆ ಸುಸೂತ್ರವಾಗಿ ನಡೆಯಲಿ. ಆ ಹುಡುಗನೂ ನಿಶ್ಚಿಂತೆಯಿಂದ ಪರೀಕ್ಷೆ ಬರೆಯಲಿ. ಎರಡೂ ಆಗುತ್ತದೆ; ಮೊದಲು ನೀವು ಹೋಗಿ ಮಾತಾಡಿ.

ನಿಮ್ಮ
ಅಕ್ಕ