ಎಲೆ ಬಿಚ್ಚುವುದು ಒಳಗಿನ ನೀರಿಗೆ

ಲೆಟಿಸ್ ಎಲೆಯಲ್ಲಿ ತರಕಾರಿ ಸುತ್ತಿ ತಿನ್ನುವವರ ದೂರು ಎಲ್ಲ ಕಡೆ ಒಂದೇ. ಬಾಯಿಗಿಡುವ ಮೊದಲೇ ಸುರುಳಿ ಬಿಚ್ಚಿಕೊಳ್ಳುತ್ತದೆ, ರಸ ಮೊಣಕೈವರೆಗೆ ಇಳಿಯುತ್ತದೆ. ಎರಡು ಎಲೆ ಹಾಕಿ, ಕಡ್ಡಿ ಚುಚ್ಚಿ, ಕಾಗದ ಸುತ್ತಿ ಎಂದು ಹೇಳುವ ಉಪಾಯಗಳೆಲ್ಲ ಮಡಿಸುವ ಕೈಯನ್ನೇ ತಿದ್ದಲು ಹೊರಡುತ್ತವೆ. ಬಹುಪಾಲು ತಪ್ಪು ಇರುವುದು ಒಳಗೆ ನಿಂತ ನೀರಿನಲ್ಲಿ. ಆ ನೀರನ್ನು ಹಿಡಿದಿಡುವ ಪದಾರ್ಥ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಡುಗೆಮನೆಗೆ ಹೊಸದಲ್ಲ: ಹುರಿಗಡಲೆ, ಕೊಬ್ಬರಿ ಸೇರಿಸಿ ಕುಟ್ಟಿದ ಚಟ್ನಿಪುಡಿ.

ಲೆಟಿಸ್‌ನಲ್ಲಿ ನೂರಕ್ಕೆ 95ರಷ್ಟು ನೀರೇ. ಸೌತೆಕಾಯಿಯೂ ಹಾಗೆಯೇ, ಟೊಮೆಟೊ ಅದಕ್ಕಿಂತ ತುಸು ಕಡಿಮೆ. ಹೆಚ್ಚಿದ ತರಕಾರಿಗೆ ಉಪ್ಪು ಬಿದ್ದ ಕೂಡಲೇ ಒಳಗಿನ ನೀರು ಹೊರಕ್ಕೆ ಬರುತ್ತದೆ. ಕೋಸಂಬರಿಗೆ ಉಪ್ಪು, ನಿಂಬೆಹುಳಿಯನ್ನು ಬಡಿಸುವ ಹೊತ್ತಿಗಷ್ಟೇ ಹಾಕುವುದು ಇದೇ ಕಾರಣಕ್ಕೆ. ಸುರುಳಿಯ ಹೂರಣಕ್ಕೆ ಆ ಎಚ್ಚರವನ್ನು ಯಾಕೋ ಮರೆಯುತ್ತೇವೆ. ತೆಂಗಿನ ಸೀಮೆಯಲ್ಲಿ ಇನ್ನೊಂದು ಅಭ್ಯಾಸವೂ ಸೇರುತ್ತದೆ: ಏನೇ ಮಾಡಿದರೂ ಮೇಲೊಂದು ಹಿಡಿ ಹಸಿ ತೆಂಗಿನತುರಿ. ಬಲಿತ ಹಸಿಕಾಯಿಯ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದೇ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು, ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದಾಗ ಗಡಗಡ ಸದ್ದು ಮಾಡುತ್ತದೆ. ಚಿಪ್ಪು ಒಡೆದು ತೆಗೆದ ಈ ಉಂಡೆ ಕೊಬ್ಬರಿಯಲ್ಲಿ ಉಳಿಯುವ ತೇವ ನೂರಕ್ಕೆ ಆರೇಳರಷ್ಟು ಮಾತ್ರ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದೂ, ಲಾರಿಯೇರಿ ಉತ್ತರ ಭಾರತದ ಸಿಹಿತಿಂಡಿ, ಪ್ರಸಾದಗಳಿಗೆ ಹೋಗುವುದೂ ಈ ಕೊಬ್ಬರಿಯೇ. ನಮ್ಮೂರಿನ ಪಲ್ಯಕ್ಕೆ ಮಾತ್ರ ಹಸಿ ತುರಿಯೇ ಆಗಬೇಕು!

ಎಲೆಯಲ್ಲಿ ಕಟ್ಟಿ ತಿನ್ನುವ ವಿದ್ಯೆಗೆ ಪಾಠ ಬೇಕಿದ್ದರೆ ವೀಳ್ಯ ಹಾಕಿಕೊಳ್ಳುವವರ ಕೈ ನೋಡಬೇಕು. ಎಲೆಯನ್ನು ಪಂಚೆಗೋ ಸೆರಗಿಗೋ ಒರೆಸಿ, ತೊಟ್ಟು, ತುದಿ ಚಿವುಟಿ, ಹಿಂಬದಿಯ ನಾರು ಎಳೆದುಹಾಕಿ, ಸುಣ್ಣವನ್ನು ತೆಳುವಾಗಿ ಸವರುತ್ತಾರೆ. ಅಡಿಕೆ ಚೂರು, ಬೇಕಿದ್ದರೆ ಚಿಟಿಕೆ ಕೊಬ್ಬರಿತುರಿ. ಮಡಿಸಿ ಲವಂಗ ಚುಚ್ಚಿದ ಬೀಡಾ ತಟ್ಟೆಯಲ್ಲಿ ಗಂಟೆಗಟ್ಟಲೆ ಕೂತರೂ ಬಿಚ್ಚುವುದಿಲ್ಲ. ಲವಂಗದ ಮೊಳೆಗಿಂತ ಹೆಚ್ಚಿನ ಕೆಲಸ ಮಾಡಿರುವುದು ಒರೆಸಿದ ಎಲೆ, ತೆಗೆದ ನಾರು, ಒಂದು ಬಾಯಿಗಾಗುವಷ್ಟೇ ಒಣ ಹೂರಣ. ಥಾಯ್ಲೆಂಡಿನವರ ಮಿಯಾಂಗ್ ಖಾಮ್ ಎಂಬ ತಿಂಡಿಯೂ ವೀಳ್ಯದೆಲೆಯ ದಾಯಾದಿ ಎಲೆಯೊಂದರಲ್ಲಿ ಕಟ್ಟುವಂಥದ್ದು. ಒಳಗೆ ಹುರಿದ ತೆಂಗಿನತುರಿ, ಕಡಲೆಕಾಯಿ, ಶುಂಠಿ, ನಿಂಬೆಚೂರು. ಮೇಲೆ ಗಟ್ಟಿ ಬೆಲ್ಲದ ಪಾಕ. ಕೊರಿಯನ್ನರು ಲೆಟಿಸ್‌ನಲ್ಲೇ ಅನ್ನ, ಮಾಂಸ ಇಟ್ಟು, ಹುದುಗಿಸಿದ ಸೋಯಾ ಹಿಟ್ಟಿನ ಮುದ್ದೆಯಂಥ ವ್ಯಂಜನ ಸವರಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೂರು ಕಡೆಯೂ ಸವರುವುದು ಗಟ್ಟಿಯಾಗಿದೆ, ತುತ್ತು ಚಿಕ್ಕದಾಗಿದೆ. ಹರಿಯುವ ಸಾಸ್ ಸುರಿಯುವುದಿಲ್ಲ.

ಇನ್ನು ಚಟ್ನಿಪುಡಿಯ ಮಾತು. ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಎಣ್ಣೆಯೇ ಇರುವಾಗ ಅದು ನೀರು ಕುಡಿಯುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೀ ಕೊಬ್ಬರಿತುರಿ ಹಾಕಿದರೆ ಹೂರಣ ಉದುರುದುರಾಗುತ್ತದೆ, ನೀರು ತಳಕ್ಕೆ ಇಳಿದೇ ಇಳಿಯುತ್ತದೆ. ನೀರು ಹೀರುವುದು ಹುರಿಗಡಲೆಯ ಹಿಟ್ಟು; ಅಂಟು ಬರುವುದೂ ಅದರಿಂದಲೇ. ಕೊಬ್ಬರಿ ತನ್ನ ನೀರನ್ನು ಸೇರಿಸದೆ ತೆಂಗಿನ ರುಚಿಯನ್ನೂ ಜಿಡ್ಡನ್ನೂ ಕೊಡುತ್ತದೆ, ಬರೀ ಹಿಟ್ಟು ಗಂಟಲಿಗೆ ಹಿಡಿಯದಂತೆ ನೋಡಿಕೊಳ್ಳುತ್ತದೆ. ಒಂದು ಬಟ್ಟಲು ಹೂರಣಕ್ಕೆ ಎರಡು ಚಮಚ ಪುಡಿ ಸಾಕು. ಅದರಲ್ಲೇ ಉಪ್ಪಿರುವುದರಿಂದ ಕಲಸಿದ ಕೂಡಲೇ ಸುತ್ತಬೇಕು. ಮೊಳಕೆ ಹೆಸರುಕಾಳನ್ನು ಬೇಯಿಸಿ, ನೀರು ಬಸಿದು, ಅರ್ಧ ಪಾಲನ್ನು ಸೌಟಿನ ಹಿಂಬದಿಯಿಂದ ನುರಿದು ಸೇರಿಸಿದರೆ ಹಿಡಿತ ಇನ್ನೂ ಗಟ್ಟಿ.

ಎಲೆಯದೇನೂ ತಪ್ಪಿಲ್ಲವೆ? ಇದೆ. ಐಸ್‌ಬರ್ಗ್ ಲೆಟಿಸ್ ಫ್ರಿಜ್‌ನಿಂದ ತೆಗೆದೊಡನೆ ಮಡಿಸಿದರೆ ಪಟ್ಟನೆ ಸೀಳುತ್ತದೆ. ತೊಳೆದ ಎಲೆಯ ಮೇಲಿನ ಹನಿಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಸ್ವಲ್ಪ ಹೊತ್ತು ಹೊರಗಿಟ್ಟು, ದಪ್ಪ ದಿಂಡನ್ನು ಚಾಕುವಿನಿಂದ ಹೆರೆದರೆ ಅದೂ ಬಗ್ಗುತ್ತದೆ. ಬಟರ್‌ಹೆಡ್ ಜಾತಿಯ ಮೆದು ಎಲೆಗೆ ಇಷ್ಟು ಉಪಚಾರ ಬೇಡ. ಲೆಟಿಸ್ ಸಿಗದ ಕಡೆ ಎಲೆಕೋಸಿನ ಎಲೆಯನ್ನು ಕುದಿನೀರಿನಲ್ಲಿ ಅರೆ ನಿಮಿಷ ಅದ್ದಿ, ಒರೆಸಿ ಬಳಸಬಹುದು. ಹಿಡಿತದ ಮಟ್ಟಿಗೆ ಅದೇ ವಾಸಿ.

ಇಷ್ಟೆಲ್ಲ ಯಾಕೆ, ರಾಗಿರೊಟ್ಟಿ ಇದೆಯಲ್ಲ ಎನ್ನುವವರಿಗೆ ಎದುರು ಹೇಳುವುದು ಕಷ್ಟ. ತೋಟಕ್ಕೆ ಬುತ್ತಿ ಕಟ್ಟುವವರಿಗೆ ರೊಟ್ಟಿಯೇ ಸರಿ. ಲೆಟಿಸ್ ಹೊಟ್ಟೆ ತುಂಬಿಸುವುದಿಲ್ಲ, ಬಿಸಿಲು ತಾಳುವುದಿಲ್ಲ, ಡಬ್ಬಿಯಲ್ಲಿ ಮಧ್ಯಾಹ್ನಕ್ಕೆ ಬಾಡುತ್ತದೆ. ಸಂಜೆ ತಿಂಡಿಗೆ, ಸಕ್ಕರೆ ಕಾಯಿಲೆಯಿಂದ ಅನ್ನ, ರೊಟ್ಟಿ ಕಡಿಮೆ ಮಾಡಬೇಕಾದವರ ರಾತ್ರಿಯೂಟಕ್ಕೆ ಅದು ಹೊಂದುತ್ತದೆ. ಡಬ್ಬಿಗೇ ಹಾಕಬೇಕೆಂದರೆ ಎಲೆ ಬೇರೆ, ತರಕಾರಿ ಬೇರೆ, ಪುಡಿ ಒಂದು ಪೊಟ್ಟಣದಲ್ಲಿ ಬೇರೆ ಕಟ್ಟಿಕೊಡಿ. ಕಲಸಿ ಸುತ್ತುವ ಕೆಲಸ ತಿನ್ನುವವರದು.